ತಣ್ಣೀರಿನ ಜಲಸಂಧಿ: ಮೈ ತಾಳುವುದು ಯಾವುದರ ಬಲದಿಂದ?

ಬೆಂಗಳೂರಿನ ಹೂಡಿ ಹಾಲ್ಟ್ ಸ್ಟೇಷನ್ನಿನ ಹಳಿ ಹಿಡಿದು ಪೂರ್ವಕ್ಕೆ ಹೊರಟರೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ಚೆನ್ನೈಯ ಕಡಲು ಸಿಗುತ್ತದೆ. ಸಿಕ್ಕಿದರೂ ಅದು ಬೆಚ್ಚಗಿನ ಕಡಲು. ಊರೊಳಗಿನ ನೀರೆಂದರೆ ಹೂಡಿ ಕೆರೆ, ಸೀತಾರಾಮಪಾಳ್ಯದ ಕೆರೆ. ಎರಡರಲ್ಲೂ ಯಾರೂ ಮೈ ಅದ್ದುವಂತಿಲ್ಲ. ಉಳಿಯುವುದು ಅಪಾರ್ಟ್‌ಮೆಂಟಿನ ಈಜುಕೊಳ. ಐಟಿ ಪಾರ್ಕಿಗೆ ಹೊರಡುವ ಮೊದಲು ಅಲ್ಲಿ ಬೆಳಗಿನ ಹೊತ್ತು ಸುತ್ತು ಹಾಕುವವರಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಇಂಗ್ಲಿಷ್ ಕಡಲ್ಗಾಲುವೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಈಜುತ್ತಾರೆ. ಇಪ್ಪತ್ತು ಮೀಟರಿನ ಕೊಳದಲ್ಲಿ ಅದರ 33 ಕಿ.ಮೀ. ಅಗಲವೆಂದರೆ 1,650 ಲ್ಯಾಪ್. ಅದು ಬರೀ ಲೆಕ್ಕ. ಭುಜ ಗಟ್ಟಿಯಿದ್ದು ವಾರಕ್ಕಿಷ್ಟು ಗಂಟೆ ಕೊಟ್ಟರೆ ಎರಡು ಮೂರು ವರ್ಷದಲ್ಲಿ ದೂರ ಕೈಗೆ ಬರುತ್ತದೆ. ಕೊಳದಲ್ಲಿ ಎಷ್ಟು ದುಡಿದರೂ ಕೈಗೆ ಬಾರದ್ದು ಒಂದೇ, ಚಳಿ.

ಆ ಚಳಿಯನ್ನು ಮನುಷ್ಯದೇಹ ತಾಳುವುದು ಯಾವುದರಿಂದ? ಚರ್ಮದಡಿಯ ಕೊಬ್ಬಿನಿಂದಲೋ, ರೂಢಿಯಿಂದಲೋ, ಕೈಕಾಲು ನಿಲ್ಲಿಸದೆ ಉತ್ಪಾದಿಸುವ ಶಾಖದಿಂದಲೋ, ಬರೀ ಹಟದಿಂದಲೋ? ಎಪ್ಪತ್ತು ವರ್ಷಗಳಿಂದ ಶರೀರವಿಜ್ಞಾನಿಗಳೂ ಕೋಚ್‌ಗಳೂ ಈಜುಗಾರರೂ ಇದರ ಮೇಲೆ ಜಗಳವಾಡುತ್ತಿದ್ದಾರೆ. ಬಿಸಿನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಅದು ಪುಸ್ತಕದ ಜಗಳವಲ್ಲ, ಯಾವುದಕ್ಕೆ ಸಮಯ ಕೊಡಬೇಕು, ಯಾವುದಕ್ಕೆ ದುಡ್ಡು ಸುರಿಯಬೇಕು ಎಂಬ ನೇರ ಪ್ರಶ್ನೆ.

ಗ್ರೀಸ್ ಹಚ್ಚಿಕೊಂಡವರಿಂದ ಏಳು ಜಲಸಂಧಿಗಳವರೆಗೆ

1875ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಡೋವರ್‌ನಿಂದ ಹೊರಟು 21 ಗಂಟೆ 45 ನಿಮಿಷದಲ್ಲಿ ಫ್ರಾನ್ಸ್ ಮುಟ್ಟಿದ. ಮೈಗೆ ಕಡಲಪ್ರಾಣಿಯ ಎಣ್ಣೆ ಬಳಿದುಕೊಂಡಿದ್ದ, ಉದ್ದಕ್ಕೂ ಬ್ರೆಸ್ಟ್‌ಸ್ಟ್ರೋಕ್ ಹೊಡೆದಿದ್ದ. 1926ರಲ್ಲಿ ಅಮೆರಿಕದ ಗೆರ್ಟ್ರೂಡ್ ಎಡರ್ಲಿ ಗಂಡಸರ ಅತ್ಯುತ್ತಮ ಸಮಯಕ್ಕಿಂತ ಸುಮಾರು ಎರಡು ಗಂಟೆ ಮೊದಲೇ ದಡ ಸೇರಿ, ಹೆಂಗಸರಿಂದ ಇದು ಆಗದು ಎನ್ನುತ್ತಿದ್ದ ಪತ್ರಿಕೆಗಳ ಬಾಯಿ ಮುಚ್ಚಿಸಿದರು. ಮರುವರ್ಷ ಕಡಲ್ಗಾಲುವೆಯ ಈಜಿಗೆಂದೇ ಒಂದು ಸಂಘ ಹುಟ್ಟಿತು, ಅದರ ಜೊತೆಗೆ ನಿಯಮಗಳೂ ಬಂದವು.

ನಮ್ಮವರ ಸರದಿ 1958ರದು. ಆ ಆಗಸ್ಟ್‌ನಲ್ಲಿ ಪೂರ್ವ ಬಂಗಾಳದ ಬ್ರೊಜೆನ್ ದಾಸ್ ದಾಟಿದರು, ಸೆಪ್ಟೆಂಬರ್ 27ರಂದು ಕೋಲ್ಕತ್ತದ ವಕೀಲ ಮಿಹಿರ್ ಸೇನ್ ದಾಟಿ, ಅದನ್ನು ಸಾಧಿಸಿದ ಮೊದಲ ಭಾರತೀಯರಾದರು. ಸೇನ್ ಹಿಂದೆ ಹಲವು ಸಲ ಸೋತು ಮರಳಿದ್ದವರು. ಮರುವರ್ಷ ಹತ್ತೊಂಬತ್ತರ ಆರತಿ ಸಾಹಾ ಆಗಸ್ಟ್‌ನಲ್ಲಿ ವಿಫಲರಾಗಿ, ಸೆಪ್ಟೆಂಬರ್ 29ರಂದು 16 ಗಂಟೆ 20 ನಿಮಿಷದಲ್ಲಿ ದಡ ಮುಟ್ಟಿದರು. ಏಷ್ಯಾದ ಹೆಣ್ಣುಮಕ್ಕಳಲ್ಲಿ ಅವರೇ ಮೊದಲಿಗರು. 1966ರ ಒಂದೇ ವರ್ಷದಲ್ಲಿ ಸೇನ್ ಪಾಕ್ ಜಲಸಂಧಿ, ಜಿಬ್ರಾಲ್ಟರ್, ಡಾರ್ಡನೆಲ್ಸ್, ಬಾಸ್ಫರಸ್‌ಗಳನ್ನು ಈಜಿ, ಪನಾಮಾ ಕಾಲುವೆಯನ್ನೂ ಉದ್ದಕ್ಕೆ ಈಜಿದರು. ಮಾತು ಬಾರದ, ಕಿವಿ ಕೇಳದ ಮುಂಬೈನ ತಾರಾನಾಥ ಶೆಣೈ 1980ರ ದಶಕದಲ್ಲಿ ಮೂರು ಸಲ ಕಡಲ್ಗಾಲುವೆ ದಾಟಿದರು. ಈಗಿನ ಅಳತೆಗೋಲು ಏಳು ಜಲಸಂಧಿಗಳದು, ಅದಕ್ಕೆ ಓಷನ್ಸ್ ಸೆವೆನ್ ಎಂದು ಹೆಸರು. 2018ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕುಕ್ ಜಲಸಂಧಿಯೊಂದಿಗೆ ಆ ಏಳನ್ನೂ ಮುಗಿಸಿದ ಮೊದಲ ಏಷ್ಯನ್ ಪುಣೆಯ ರೋಹನ್ ಮೋರೆ.

ಕಡಲ್ಗಾಲುವೆಯ ನಿಯಮ ಹೀಗಿದೆ: ಒಂದು ಈಜುಡುಗೆ, ಒಂದು ಟೋಪಿ, ಈಜು ಕನ್ನಡಕ. ವೆಟ್‌ಸೂಟ್ ಇಲ್ಲ, ಜೊತೆಗೆ ಬರುವ ದೋಣಿ ಮುಟ್ಟುವಂತಿಲ್ಲ. ಅದಕ್ಕೂ ಮೊದಲು ಸುಮಾರು 16 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಆರು ಗಂಟೆ ಈಜಿ ಅರ್ಹತೆ ತೋರಿಸಬೇಕು. ವಿಚಿತ್ರವೆಂದರೆ, ಅಂತರರಾಷ್ಟ್ರೀಯ ಈಜು ಒಕ್ಕೂಟದ ತೆರೆದ ನೀರಿನ ಸ್ಪರ್ಧೆಗಳಲ್ಲಿ ನೀರು 18 ಡಿಗ್ರಿಗಿಂತ ಕೆಳಗಿಳಿದರೆ ವೆಟ್‌ಸೂಟ್ ಕಡ್ಡಾಯ. ಒಂದು ಸಂಪ್ರದಾಯ ಹೊದಿಕೆ ಹಾಕಲೇಬೇಕು ಎನ್ನುವ ನೀರಿನಲ್ಲೇ ಇನ್ನೊಂದು ಅದನ್ನು ಮೋಸವೆನ್ನುತ್ತದೆ. ಮೂರು ನಾಲ್ಕು ಮಿಲಿಮೀಟರ್ ರಬ್ಬರಿಗೆ ಅನುಮತಿ ಸಿಕ್ಕಿದ್ದರೆ ಈ ಲೇಖನದ ಪ್ರಶ್ನೆಯ ಮುಕ್ಕಾಲು ಪಾಲು ಮಾಯವಾಗುತ್ತಿತ್ತು.

ಕರ್ನಾಟಕದ ನೀರು ಕಲಿಸುವುದು, ಕಲಿಸದ್ದು

ನಮ್ಮ ಕರಾವಳಿಗೆ ಈಜಿನ ಬಡತನವಿಲ್ಲ. 2013ರ ಜನವರಿಯಲ್ಲಿ ಉಡುಪಿ ಜಿಲ್ಲೆಯ ಗೋಪಾಲ ಖಾರ್ವಿ ಕೈಕಾಲಿಗೆ ಬೇಡಿ ತೊಟ್ಟು ಸೇಂಟ್ ಮೇರೀಸ್ ದ್ವೀಪದಿಂದ ಮಲ್ಪೆಯ ಕಡೆಗೆ ಮೂರು ಕಿ.ಮೀ.ಗೂ ಹೆಚ್ಚು ಈಜಿ ಗಿನ್ನೆಸ್ ಪುಸ್ತಕ ಸೇರಿದರು. 2021ರಲ್ಲಿ ಗಂಗಾಧರ ಕಡೆಕಾರ್ ಅರವತ್ತು ದಾಟಿದ ವಯಸ್ಸಿನಲ್ಲಿ ಪದ್ಮಾಸನ ಹಾಕಿ, ಕಾಲಿಗೆ ಸರಪಳಿ ಬಿಗಿದು ಅದೇ ಕಡಲಲ್ಲಿ ಈಜಿದರು. ಬೆಂಗಳೂರಿನ ಸುಚೇತಾ ದೇಬ್ ಬರ್ಮನ್ 2022ರ ಮಾರ್ಚ್‌ನಲ್ಲಿ ಧನುಷ್ಕೋಡಿ, ತಲೈಮನ್ನಾರ್‌ಗಳ ನಡುವಿನ ಪಾಕ್ ಜಲಸಂಧಿಯನ್ನು ಹೋಗಿಬರುವ ಎರಡೂ ದಿಕ್ಕಿನಲ್ಲಿ ಈಜಿದರು. ಅಲೆ, ಒಳಸೆಳೆತ, ಜೆಲ್ಲಿ ಮೀನು, ಉಪ್ಪಿಗೆ ಊದಿದ ನಾಲಿಗೆ, ಕತ್ತಲಿನ ಒಂಟಿತನ, ಇವೆಲ್ಲವನ್ನೂ ನಮ್ಮ ನೀರು ಧಾರಾಳವಾಗಿ ಕಲಿಸುತ್ತದೆ.

ಆದರೆ ಮಲ್ಪೆಯಲ್ಲಾಗಲಿ ಪಾಕ್‌ನಲ್ಲಾಗಲಿ ನೀರು ವರ್ಷದ ಬಹುಪಾಲು 27ರಿಂದ 30 ಡಿಗ್ರಿ. ಅಲ್ಲಿ ಕೈಕಾಲಾಡಿಸುತ್ತಿರುವ ದೇಹಕ್ಕೆ ಶಾಖ ಹೊರಹಾಕುವ ಚಿಂತೆಯೇ ಇರುತ್ತದೆ. ಬೇಸಿಗೆಯ ಕಡಲ್ಗಾಲುವೆ 15ರಿಂದ 18 ಡಿಗ್ರಿ. ಐರ್ಲೆಂಡ್, ಸ್ಕಾಟ್ಲೆಂಡ್ ನಡುವಿನ ನಾರ್ತ್ ಚಾನೆಲ್ 12ರಿಂದ 14. ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಮೈಯ ಕಾವನ್ನು ಸೆಳೆದುಕೊಳ್ಳುತ್ತದೆ. 15 ಡಿಗ್ರಿಯ ಗಾಳಿ ಬೆಂಗಳೂರಿನ ಜನವರಿಯ ಹಿತವಾದ ಮುಂಜಾವು. 15 ಡಿಗ್ರಿಯ ನೀರಿನ ಮಾತೇ ಬೇರೆ.

ಕೊಬ್ಬಿನ ಪಕ್ಷ

ಇದು ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಪುರಾವೆಯುಳ್ಳ ಪಕ್ಷ. 1953ರ ಎವರೆಸ್ಟ್ ತಂಡದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಮತ್ತು ಅವರ ಸಹೋದ್ಯೋಗಿ ಎಡ್‌ಹೋಮ್ 1955ರಲ್ಲಿ ಕಡಲ್ಗಾಲುವೆಯ ಈಜುಗಾರರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಗ್ರೀಸಿನ ದಷ್ಟಪುಷ್ಟ ಈಜುಗಾರ ಜೇಸನ್ ಜಿರ್ಗಾನೊಸ್ 16 ಡಿಗ್ರಿ ನೀರಿನಲ್ಲಿ ಸುಮ್ಮನೆ ಮಲಗಿದ್ದರೂ ಅವರ ಒಳಗಾವು, ಅಂದರೆ ದೇಹದೊಳಗಿನ ಉಷ್ಣತೆ, ಇಳಿಯಲಿಲ್ಲ. ಅದೇ ನೀರಿಗಿಳಿದ ತೆಳ್ಳಗಿನ ಪ್ಯೂ ಬೇಗನೆ ತಣ್ಣಗಾದರು. ಶರೀರವಿಜ್ಞಾನಿ ವಿಲಿಯಂ ಕೀಟಿಂಜ್ ಮುಂದೆ ಇದನ್ನು ಅಳೆದು ತೋರಿಸಿದರು: ಚರ್ಮದಡಿಯ ಕೊಬ್ಬಿನ ದಪ್ಪ ಹೆಚ್ಚಿದಷ್ಟೂ ಒಳಗಾವು ಕುಸಿಯುವ ವೇಗ ಕಡಿಮೆ.

ಈ ಪಕ್ಷದ ಅತಿ ದೊಡ್ಡ ಸಾಕ್ಷಿ ಯಾವ ಸ್ಪರ್ಧೆಗೂ ಇಳಿದವನಲ್ಲ. 1984ರ ಮಾರ್ಚ್‌ನ ಒಂದು ರಾತ್ರಿ ಐಸ್‌ಲೆಂಡಿನ ವೆಸ್ಟ್‌ಮನ್ ದ್ವೀಪಗಳ ಬಳಿ ಮೀನುಗಾರಿಕೆಯ ದೋಣಿಯೊಂದು ಮಗುಚಿತು. ಜೊತೆಗಾರರೆಲ್ಲ ಸತ್ತರು. ಗುಡ್ಲಾಗುರ್ ಫ್ರಿಡ್‌ಥೋರ್ಸನ್ ಎಂಬ ಯುವಕ 5-6 ಡಿಗ್ರಿ ನೀರಿನಲ್ಲಿ ಐದಾರು ಗಂಟೆ ಈಜಿ, ದಡ ಹತ್ತಿ, ಲಾವಾ ಬಂಡೆಗಳ ಮೇಲೆ ಬರಿಗಾಲಲ್ಲಿ ನಡೆದು ಊರು ಸೇರಿದ. ಸಾಮಾನ್ಯರು ಆ ನೀರಿನಲ್ಲಿ ಒಂದು ಗಂಟೆಯನ್ನೂ ದಾಟುವುದು ಕಷ್ಟ. ಕೀಟಿಂಜ್ ಅವನನ್ನು ಲಂಡನ್ನಿಗೆ ಕರೆಸಿ ಪರೀಕ್ಷಿಸಿದಾಗ ಕಂಡದ್ದು ಪವಾಡವಲ್ಲ, ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ದಪ್ಪದ ಕೊಬ್ಬಿನ ಪದರ.

ಆದರೆ ಈ ಪಕ್ಷದ ಮಿತಿಯನ್ನು ತೋರಿಸಿದವರೂ ಅದರ ಮೊದಲ ನಾಯಕರೇ. 1959ರಲ್ಲಿ ಜಿರ್ಗಾನೊಸ್ ನಾರ್ತ್ ಚಾನೆಲ್ ದಾಟಲು ಹೋಗಿ ಪ್ರಾಣ ಬಿಟ್ಟರು. 16 ಡಿಗ್ರಿಯಲ್ಲಿ ಕಾಪಾಡಿದ ಪದರ ಅದಕ್ಕಿಂತ ತಣ್ಣಗಿನ ನೀರಿನಲ್ಲಿ ಸಾಲಲಿಲ್ಲ.

ರೂಢಿಯ ಪಕ್ಷ

ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದು ನಮ್ಮ ಗಾದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಹೇಳುವುದು ಹೆಚ್ಚುಕಡಿಮೆ ತದ್ವಿರುದ್ಧ: ತಣ್ಣೀರಿನಲ್ಲಿ ಮೊದಲ ಎರಡು ಮೂರು ನಿಮಿಷದ ಚಳಿಯೇ ಎಷ್ಟೋ ಜನರನ್ನು ಮುಳುಗಿಸುತ್ತದೆ. ಚರ್ಮಕ್ಕೆ ತಣ್ಣೀರು ತಾಗಿದ ಕ್ಷಣ ಬಾಯಿ ತಾನಾಗಿ ಗಾಳಿ ಎಳೆದುಕೊಳ್ಳುತ್ತದೆ, ಉಸಿರು ಹಿಡಿತ ತಪ್ಪುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಆ ಎಳೆತದ ಹೊತ್ತಿಗೆ ಬಾಯಿ ನೀರಿನೊಳಗಿದ್ದರೆ ಕಥೆ ಮುಗಿಯಿತು. ಈ ಆಘಾತ ತಗ್ಗಿಸಲು ಬೇಕಾದದ್ದು ಆಶ್ಚರ್ಯ ಹುಟ್ಟಿಸುವಷ್ಟು ಕಡಿಮೆ: ಐದಾರು ಸಲ, ತಲಾ ಎರಡು ಮೂರು ನಿಮಿಷದ ತಣ್ಣೀರಿನ ಮುಳುಗು. ಅಷ್ಟಕ್ಕೇ ಆಘಾತ ಅರ್ಧದಷ್ಟಾಗುತ್ತದೆ, ಅದರ ಫಲದ ಒಂದು ಪಾಲು ವರ್ಷ ಕಳೆದ ಮೇಲೂ ಉಳಿದಿರುತ್ತದೆ.

ರೂಢಿಯ ಆಳವಾದ ಉದಾಹರಣೆ ಕೊರಿಯಾದ ಹೇನ್ಯೊ ಹೆಂಗಸರು, ಚಿಪ್ಪು, ಕಡಲಹುಲ್ಲಿಗಾಗಿ ಚಳಿಗಾಲದಲ್ಲೂ ಹತ್ತಿಬಟ್ಟೆಯಲ್ಲೇ ಮುಳುಗುತ್ತಿದ್ದವರು. 1960ರ ದಶಕದಲ್ಲಿ ವಿಜ್ಞಾನಿ ಹಾಂಗ್ ಮತ್ತು ಸಂಗಡಿಗರು ಅಳೆದಾಗ, ಚಳಿಗಾಲದಲ್ಲಿ ವಿಶ್ರಾಂತಿಯಲ್ಲೂ ಅವರ ದೇಹ ಶಕ್ತಿ ಉರಿಸುವ ದರ ಏರುತ್ತಿತ್ತು, ನಡುಕ ಬಹಳ ತಡವಾಗಿ ಹುಟ್ಟುತ್ತಿತ್ತು. 1970ರ ದಶಕದ ಕೊನೆಗೆ ಅವರು ವೆಟ್‌ಸೂಟ್ ಹಾಕತೊಡಗಿದರು. ಕೆಲವೇ ವರ್ಷಗಳಲ್ಲಿ ಆ ವಿಶೇಷಗಳು ಕಾಣೆಯಾದವು. ಅಂದರೆ ಅದು ವಂಶದ ಆಸ್ತಿಯಾಗಿರಲಿಲ್ಲ, ದಿನನಿತ್ಯದ ಗಳಿಕೆಯಾಗಿತ್ತು.

ರೂಢಿಗೆ ಒಂದು ಕೆಟ್ಟ ಮುಖವೂ ಉಂಟು. ಅಭ್ಯಾಸವಾದವರಿಗೆ ನಡುಕ ತಡವಾಗಿ ಬರುತ್ತದೆ, ಚಳಿ ಕಡಿಮೆ ಎನ್ನಿಸುತ್ತದೆ, ಆದರೆ ಒಳಗಾವು ಇಳಿಯುತ್ತಲೇ ಇರುತ್ತದೆ. ಎಚ್ಚರಿಕೆಯ ಗಂಟೆಯ ಸದ್ದು ತಗ್ಗಿಸುವುದನ್ನೇ ರಕ್ಷಣೆ ಎಂದು ಭಾವಿಸುವ ಅಪಾಯ ಇಲ್ಲಿದೆ. ಐಸ್ ಟಬ್ಬಿನ ವಿಡಿಯೊ ಹಾಕುವವರಿಗೆ ಈ ಮಾತು ಹೇಳಿದರೆ ಹಿಡಿಸುವುದಿಲ್ಲ.

ಒಲೆ ಆರಗೊಡದವರು

ಮೂರನೆಯ ಪಕ್ಷ ಕೋಚ್‌ಗಳದು. ಅವರ ವಾದ ಸರಳ: ವೇಗವಾಗಿ ಈಜುವವರು ಹೆಚ್ಚು ಶಾಖ ಹುಟ್ಟಿಸುತ್ತಾರೆ, ಮೇಲಾಗಿ ನೀರಿನಲ್ಲಿ ಕಳೆಯುವ ಗಂಟೆಗಳೂ ಕಡಿಮೆ. ತೆಳ್ಳಗಿನ ವೇಗದ ಈಜುಗಾರರು ಕಡಲ್ಗಾಲುವೆ ಗೆದ್ದಿದ್ದನ್ನು ಕೊಬ್ಬಿನ ಪಕ್ಷ ವಿವರಿಸಲಾರದು, ಈ ಪಕ್ಷ ವಿವರಿಸುತ್ತದೆ. ಅರ್ಧ, ಮುಕ್ಕಾಲು ಗಂಟೆಗೊಮ್ಮೆ ದೋಣಿಯಿಂದ ಬೆಚ್ಚಗಿನ ಸಕ್ಕರೆ ಪಾನೀಯ ಇಳಿಸಿಕೊಡುವುದೂ ಇದೇ ತರ್ಕಕ್ಕೆ.

ಎದುರು ಪುರಾವೆ ಟಿಪ್ಟನ್ ತಂಡದ 1999ರ ಪ್ರಯೋಗದಲ್ಲಿದೆ. 10 ಡಿಗ್ರಿ ನೀರಿನಲ್ಲಿ ನುರಿತ ಈಜುಗಾರರ ಹೊಡೆತ ಚುರುಕಾಯಿತು, ಆದರೆ ಗಿಡ್ಡವಾಯಿತು. ದೇಹ ನೀರಿನಲ್ಲಿ ನೆಟ್ಟಗಾಗುತ್ತ ಬಂತು, ಹೆಚ್ಚು ದುಡಿದರೂ ಕಡಿಮೆ ಸಾಗಿದರು. ತಂಪಾದ ತೋಳಿನ ಸ್ನಾಯು ಆಜ್ಞೆ ಪಾಲಿಸುವುದಿಲ್ಲ. ಕೈಕಾಲಾಡಿಸಿದಷ್ಟೂ ಅವುಗಳಿಗೆ ಹರಿವ ರಕ್ತ ಹೆಚ್ಚಿ, ಅಲ್ಲಿಂದಲೇ ಕಾವು ಸೋರುತ್ತದೆ. ಯಾವ ಉಷ್ಣತೆಯವರೆಗೆ ಈಜು ಲಾಭ, ಎಲ್ಲಿಂದ ಕೆಳಗೆ ನಷ್ಟ ಎಂಬ ಗೆರೆ ಒಬ್ಬೊಬ್ಬರಿಗೆ ಒಂದೊಂದು.

ಈ ಮೂರೂ ಒಂದೇ ಮೈಯಲ್ಲಿ ಕೂಡಿದ್ದು ಈಜುಗಾರ್ತಿ ಲಿನ್ ಕಾಕ್ಸ್ ಅವರಲ್ಲಿ. 1987ರ ಆಗಸ್ಟ್ 7ರಂದು ಅಲಾಸ್ಕದ ಲಿಟಲ್ ಡಯೊಮಿಡ್ ದ್ವೀಪದಿಂದ ಸೋವಿಯತ್ ಒಕ್ಕೂಟದ ಬಿಗ್ ಡಯೊಮಿಡ್‌ಗೆ, ಬೇರಿಂಗ್ ಜಲಸಂಧಿಯ ನಟ್ಟನಡುವೆ, ಸುಮಾರು 4.3 ಕಿ.ಮೀ.ಯನ್ನು ಎರಡು ಗಂಟೆಯ ಆಸುಪಾಸಿನಲ್ಲಿ ಈಜಿದರು. ನೀರು 7 ಡಿಗ್ರಿ ದಾಟಿರಲಿಲ್ಲ. ಒಳಗಾವು ಅಳೆಯುವ ಗುಳಿಗೆ ನುಂಗಿಕೊಂಡೇ ಇಳಿದಿದ್ದರು. ಸೋವಿಯತ್ ಅನುಮತಿಗೆ ವರ್ಷಗಟ್ಟಲೆ ಪತ್ರ ಬರೆದಿದ್ದರು. ಆ ಡಿಸೆಂಬರ್‌ನಲ್ಲಿ ಕ್ಷಿಪಣಿ ಒಪ್ಪಂದಕ್ಕೆ ವಾಷಿಂಗ್ಟನ್ನಿಗೆ ಬಂದ ಸೋವಿಯತ್ ನಾಯಕ ಗೋರ್ಬಚೆವ್ ತಮ್ಮ ಮಾತಿನಲ್ಲಿ ಈ ಈಜನ್ನು ನೆನೆದರು. ಕಾಕ್ಸ್ ಅವರಿಗೆ ಒಳ್ಳೆಯ ಕೊಬ್ಬಿನ ಪದರವಿತ್ತು, ಹದಿಹರೆಯದಿಂದಲೂ ತಣ್ಣೀರಿನ ರೂಢಿಯಿತ್ತು, ನಿಲ್ಲದ ವೇಗವಿತ್ತು. ಹೀಗಾಗಿ ಮೂರು ಪಕ್ಷದವರೂ ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ.

ಮನಸ್ಸಿನ ಪಕ್ಷ

2007ರಲ್ಲಿ ಉತ್ತರ ಧ್ರುವದ ಹಿಮದ ಬಿರುಕಿನಲ್ಲಿ, ಮೈನಸ್ 1.7 ಡಿಗ್ರಿಯ ಉಪ್ಪುನೀರಿನಲ್ಲಿ ಈಜುಗಾರ ಲೂಯಿಸ್ ಪ್ಯೂ 18 ನಿಮಿಷ 50 ಸೆಕೆಂಡ್ ಈಜಿ ಒಂದು ಕಿ.ಮೀ. ಮುಗಿಸಿದರು. ನೀರಿಗಿಳಿಯುವ ಮೊದಲೇ ಅವರ ಒಳಗಾವು 38 ಡಿಗ್ರಿ ದಾಟುವುದನ್ನು ವಿಜ್ಞಾನಿ ಟಿಮ್ ನೋಕ್ಸ್ ಗಮನಿಸಿದ್ದರು. ಬರಲಿರುವ ಚಳಿಯನ್ನು ನೆನೆದೇ ದೇಹ ಕಾವೇರುತ್ತದೆ ಎಂಬುದು ಅವರ ವಿವರಣೆ. ಸುದ್ದಿಯಾಗಿ ಬಹಳ ಚಂದ. ಆದರೆ ಒಬ್ಬರ ಮೈಯಲ್ಲಿ ಕಂಡದ್ದನ್ನು ಎಲ್ಲರಿಗೂ ಹಂಚಲು ನನಗೆ ಧೈರ್ಯವಿಲ್ಲ. ಉದಯಪುರದ ಭಕ್ತಿ ಶರ್ಮಾ 2015ರ ಜನವರಿಯಲ್ಲಿ ಅಂಟಾರ್ಕ್ಟಿಕಾದ 1 ಡಿಗ್ರಿ ನೀರಿನಲ್ಲಿ ಈಜಿದ್ದನ್ನೂ ಹಟದ ಖಾತೆಗೇ ಬರೆಯುವವರಿದ್ದಾರೆ. ಹಾಗೆ ಬರೆದರೆ ಅದರ ಹಿಂದಿನ ಅಭ್ಯಾಸಕ್ಕೆ ಅವಮಾನ ಮಾಡಿದಂತೆ. ಮನಸ್ಸಿನ ತರಬೇತಿಯಿಂದ ತಣ್ಣೀರಿನಲ್ಲಿ ಉಸಿರು ಹಿಡಿಯುವ ಅವಧಿ ಹೆಚ್ಚುವುದು ಪ್ರಯೋಗದಲ್ಲಿ ಕಂಡಿದೆ. ಈ ಪಕ್ಷದ ನಿಜವಾದ ಗಳಿಕೆ ಅಷ್ಟು.

ಜಗಳ ಗಡಿಯಾರದ್ದು

ಈ ಪಕ್ಷಗಳು ಪರಸ್ಪರ ವಿರೋಧಿಗಳಂತೆ ಕಂಡರೂ ಪ್ರತಿಯೊಂದೂ ಈಜಿನ ಬೇರೆ ಬೇರೆ ಹೊತ್ತಿನ ಬಗ್ಗೆ ಮಾತಾಡುತ್ತಿದೆ ಎಂದು ನನ್ನ ಗ್ರಹಿಕೆ. ಮೊದಲ ಮೂರು ನಿಮಿಷ ರೂಢಿಯದು. ಆಮೇಲಿನ ಅರ್ಧ ಗಂಟೆ ತೋಳಿನ ಸ್ನಾಯು, ನರಗಳದು. ಒಂದು ಗಂಟೆ ದಾಟಿದ ಮೇಲೆ ಕೊಬ್ಬು ಮತ್ತು ಒಲೆ ಸೇರಿ ಲೆಕ್ಕ ಬರೆಯುತ್ತವೆ. ಹತ್ತನೆಯ ಗಂಟೆಯ ಕತ್ತಲಲ್ಲಿ, ಫ್ರಾನ್ಸಿನ ದೀಪ ಕಾಣುತ್ತಿದ್ದರೂ ಸೆಳೆತ ಹಿಂದಕ್ಕೆ ತಳ್ಳುವಾಗ, ಮನಸ್ಸಿಗೆ ಅದರ ಪಾಲು. ಪ್ರಯೋಗಾಲಯದ ತೊಟ್ಟಿಯಲ್ಲಿ ಅರ್ಧ ಗಂಟೆ ಅಳೆದವರೂ ಹದಿನಾರು ಗಂಟೆ ಈಜಿದವರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿಲ್ಲ.

ದಡ ಹತ್ತಿದ ಮೇಲಿನ ಹೊತ್ತು ಇವರಾರ ಲೆಕ್ಕದಲ್ಲೂ ಇಲ್ಲ. ನೀರಿನಿಂದ ಎದ್ದ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಒಳಗಾವು ಇನ್ನೂ ಇಳಿಯುತ್ತದೆ. ಗೆದ್ದು ನಿಂತವರು ಕುಸಿದುಬೀಳುವುದು ಈ ಹೊತ್ತಿನಲ್ಲೇ. ಕೈಕಾಲಿನ ತಣ್ಣಗಿನ ರಕ್ತ ಎದೆಗೆ ಮರಳುವುದೇ ಕಾರಣವೆಂದು ಬಹುಕಾಲ ಹೇಳುತ್ತಿದ್ದರು. ರಕ್ತವೇ ಹರಿಯದ ವಸ್ತುಗಳನ್ನು ತಣಿಸಿ ನೋಡಿದಾಗಲೂ ಇದೇ ಇಳಿತ ಕಂಡಿತು, ಹೊರಪದರದ ತಂಪು ನಿಧಾನವಾಗಿ ಒಳಕ್ಕೆ ಇಂಗುವುದೇ ಸಾಕೆಂದು 1980ರ ದಶಕದಲ್ಲಿ ಸಂಶೋಧಕ ಪಾಲ್ ವೆಬ್ ವಾದಿಸಿದರು. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಎರಡೂ ಕಡೆಯವರು ಒಪ್ಪುವ ಮದ್ದು ಒಂದೇ: ಒದ್ದೆ ಬಟ್ಟೆ ತೆಗೆದು ಒಣಬಟ್ಟೆ ಹಾಕುವುದು, ಕೂರಿಸುವುದು, ಬಿಸಿನೀರಿನ ಶವರಿಗೆ ಓಡಿಸದಿರುವುದು.

ಬಿಸಿನಾಡಿನ ಮೈ

ನಮಗೆ ನಿಜವಾಗಿ ಬೇಕಾದ ಅಧ್ಯಾಯ ಇದು, ಅತಿ ತೆಳ್ಳಗಿರುವುದೂ ಇದೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ದಶಕಗಳಿಂದ ತೋರಿಸುತ್ತ ಬಂದಿರುವಂತೆ, ಅದೇ ಎತ್ತರ, ಅದೇ ತೂಕದ ಯುರೋಪಿನವರಿಗಿಂತ ಭಾರತೀಯರಲ್ಲಿ ಕೊಬ್ಬಿನ ಪಾಲು ಹೆಚ್ಚು, ಅದರಲ್ಲೂ ಹೊಟ್ಟೆಯ ಸುತ್ತ. ಮಧುಮೇಹದ ದೃಷ್ಟಿಯಿಂದ ಇದು ಕೆಟ್ಟ ಸುದ್ದಿ ಎಂಬುದು ಹೂಡಿಯ ಪ್ರತಿ ಹೆಲ್ತ್ ಚೆಕಪ್ ವರದಿಗೂ ಗೊತ್ತು. ಈಜಿನ ದೃಷ್ಟಿಯಿಂದ ಏನು? ಕರುಳಿನ ಸುತ್ತ ಕೂತ ಕೊಬ್ಬು ಹೊದಿಕೆಯಾಗದು, ಚರ್ಮದಡಿಯದ್ದು ಆಗುತ್ತದೆ. ಹಾಗಿದ್ದಾಗ ಕಡಲ್ಗಾಲುವೆಗೆಂದು ತುಪ್ಪ, ಬಾದಾಮಿ ತಿಂದು ಎಂಟು ಹತ್ತು ಕಿಲೊ ಏರಿಸಿಕೊಳ್ಳುವ ನಮ್ಮವರಿಗೆ ಅದರಲ್ಲಿ ಎಷ್ಟು ಕಂಬಳಿಯಾಗುತ್ತದೆ, ಎಷ್ಟು ಬರೀ ಹೊರೆಯಾಗುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇನ್ನೊಂದು ಸುಳಿವು ನೆದರ್ಲೆಂಡ್ಸ್‌ನ ಲೈಡನ್ ಸಂಶೋಧಕರದು. ಚಳಿಯಲ್ಲಿ ಸಕ್ಕರೆ, ಕೊಬ್ಬುಗಳನ್ನು ಉರಿಸಿ ನೇರವಾಗಿ ಕಾವು ಕೊಡುವ ಕಂದು ಕೊಬ್ಬು ದೊಡ್ಡವರಲ್ಲೂ ಉಂಟೆಂದು 2009ರಲ್ಲಿ ಖಚಿತವಾಯಿತು. 2014ರಲ್ಲಿ ಆ ತಂಡ ದಕ್ಷಿಣ ಏಷ್ಯಾ ಮೂಲದ ತೆಳ್ಳಗಿನ ಯುವಕರನ್ನು ಯುರೋಪ್ ಮೂಲದವರೊಂದಿಗೆ ಹೋಲಿಸಿದಾಗ, ನಮ್ಮವರಲ್ಲಿ ಅದರ ಪ್ರಮಾಣ ಕಡಿಮೆಯಿತ್ತು, ಚಳಿಗೆ ಹುಟ್ಟುವ ಕಾವೂ ಕಡಿಮೆ. ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯ ಜನ. ಅವರಾರೂ ದೂರದ ಈಜುಗಾರರಲ್ಲ. ಎದುರಿಗೆ ಸೇನ್, ಸಾಹಾ, ಶೆಣೈ, ಮೋರೆ ನಿಂತಿದ್ದಾರೆ. ಆದರೆ ಗೆದ್ದವರ ಪಟ್ಟಿ ಸೋತವರ ಬಗ್ಗೆ ಏನೂ ಹೇಳುವುದಿಲ್ಲ.

ಹೂಡಿಯಲ್ಲಿ ಕುಳಿತವರಿಗೆ ಏನು ಸಾಧ್ಯ?

ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಬಿಸಿ ಮಾಡದ ಬಯಲು ಕೊಳ ಚುರುಕು ಮುಟ್ಟಿಸುತ್ತದೆ, ಆದರೂ ಅದು ಕಡಲ್ಗಾಲುವೆಯ ಚಳಿಯಲ್ಲ. 50 ಮೀಟರಿನ ಕೊಳ ಬೇಕೆಂದರೆ ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆಗೆ ಊರಿನ ಇನ್ನೊಂದು ತುದಿಗೇ ಹೋಗಬೇಕು. 2023ರ ಮಾರ್ಚ್‌ನಲ್ಲಿ ಹೂಡಿಗೆ ಬಂದ ನೇರಳೆ ಮೆಟ್ರೊ ಆಮೇಲೆ ನಗರದ ನಡುಭಾಗಕ್ಕೂ ಕೂಡಿಕೊಂಡು ಈ ಪ್ರಯಾಣವನ್ನು ತುಸು ಹಗುರ ಮಾಡಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಮಹದೇವಪುರದ ಕಡೆ ಟ್ಯಾಂಕರ್ ಹಿಂದೆ ಜನ ಓಡುತ್ತಿದ್ದಾಗ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಸರಿಯಾದ ಕ್ರಮವೇ. ಮಕ್ಕಳಿಗೆ ಕೊಡ ನೀರಿಲ್ಲದ ಬೀದಿಯ ಪಕ್ಕ ಲ್ಯಾಪ್ ಎಣಿಸುವುದನ್ನು ಸಮರ್ಥಿಸುವುದು ಕಷ್ಟ.

ಗಡಿಯಾರದ ಲೆಕ್ಕ ಹಿಡಿದರೆ ಇಲ್ಲಿ ಗಳಿಸಬಹುದಾದದ್ದು, ಆಗದ್ದು ಬೇರೆಯಾಗಿ ಕಾಣುತ್ತದೆ. ಮೊದಲ ಮೂರು ನಿಮಿಷವನ್ನು ನೀಲಿ ಡ್ರಮ್ಮಿನಲ್ಲಿ ಐಸ್ ಗಡ್ಡೆ ಹಾಕಿಯೇ ಗೆಲ್ಲಬಹುದು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ, ಹೃದಯದ ಪರೀಕ್ಷೆ ಮೊದಲೇ ಆಗಿದ್ದರೆ. ಎರಡನೆಯ ಷರತ್ತು ಸುಮ್ಮನೆ ಹೇಳಿದ್ದಲ್ಲ. ಚರ್ಮದ ಆಘಾತ ಹೃದಯವನ್ನು ಓಡಿಸುತ್ತದೆ, ಮುಖ ಮುಳುಗಿದಾಗಿನ ಪ್ರತಿಕ್ರಿಯೆ ಅದನ್ನು ನಿಧಾನಿಸುತ್ತದೆ, ಈ ಎರಡು ಆಜ್ಞೆ ಒಟ್ಟಿಗೆ ಬಂದಾಗ ಮಿಡಿತದ ಲಯ ಕೆಡಬಹುದೆಂದು ಶಾಟಕ್ ಮತ್ತು ಟಿಪ್ಟನ್ 2012ರಲ್ಲಿ ಎಚ್ಚರಿಸಿದ್ದಾರೆ. ಆದರೆ ಐದನೆಯ ಗಂಟೆಯನ್ನು ಡ್ರಮ್ಮಿನಲ್ಲಿ ಕಲಿಯಲಾಗದು. ಅದಕ್ಕೆ ವಾರಗಟ್ಟಲೆ ಮೊದಲೇ ಡೋವರ್ ಬಂದರಿಗೆ ಹೋಗಿ ನೀರಿನಲ್ಲಿ ಕೂರಬೇಕು. ವೀಸಾ, ದೋಣಿ, ವಸತಿ, ರಜೆ ಸೇರಿ ಖರ್ಚು ಲಕ್ಷಗಳಲ್ಲಿ. ಯಾರು ದಾಟುತ್ತಾರೆ ಎಂಬುದನ್ನು ಕೊಬ್ಬು, ರೂಢಿಗಳಿಗಿಂತ ಮೊದಲೇ ಸಂಬಳದ ಚೀಟಿ ತೀರ್ಮಾನಿಸಿಬಿಡುತ್ತದೆ. ಮಲ್ಪೆಯ ಮೀನುಗಾರರ ಮಕ್ಕಳು ಆ ದೋಣಿಯ ಹಿಂದೆ ಕಾಣಸಿಗದಿರುವುದಕ್ಕೆ ಶರೀರವಿಜ್ಞಾನದ ಕಾರಣ ಹುಡುಕಬೇಕಿಲ್ಲ.

ಇನ್ನೂ ತೀರದ ಲೆಕ್ಕಗಳು

ಐಸ್ ಟಬ್ಬಿನ ನಿಮಿಷಗಳು ದೀರ್ಘ ಈಜಿಗೆ ಎಷ್ಟು ವರ್ಗವಾಗುತ್ತವೆ ಎಂಬುದಕ್ಕೆ ಗಟ್ಟಿ ಉತ್ತರವಿಲ್ಲ. ಆಘಾತ ತಗ್ಗುವುದು ಸರಿ, ಒಳಗಾವು ಕಾಯುವ ಶಕ್ತಿಯೂ ಅದರಿಂದ ಬೆಳೆಯುತ್ತದೆಯೇ ಎಂಬುದು ಬೇರೆ ಮಾತು. 2021ರಲ್ಲಿ ಡೆನ್ಮಾರ್ಕಿನ ಚಳಿಗಾಲದ ಈಜುಗಾರರಲ್ಲಿ ಕಂದು ಕೊಬ್ಬಿನ ನಡವಳಿಕೆ ಬೇರೆಯಿರುವುದು ಕಂಡಿತು. ಅದು ಈಜಿನ ಫಲವೋ, ಅಂಥ ಮೈಯವರೇ ಈಜಿಗೆ ಹೋಗುತ್ತಾರೋ ತಿಳಿಯದು. ತಣ್ಣೀರಿನ ಈಜು ಖಿನ್ನತೆಗೆ ಮದ್ದು ಎಂಬ ಮಾತಿಗೆ ಬಹುವಾಗಿ ತೋರಿಸುವ ಆಧಾರ 2018ರಲ್ಲಿ ವರದಿಯಾದ ಒಬ್ಬ ಯುವತಿಯ ಪ್ರಕರಣ. ಅದರ ಮೇಲೆ ಕಟ್ಟಿದ ವ್ಯಾಪಾರ ಮಾತ್ರ ಬಹಳ ದೊಡ್ಡದು. ಹೆಂಗಸರ ದೇಹ ದೀರ್ಘ ತಣ್ಣೀರಿಗೆ ಹೆಚ್ಚು ಒಗ್ಗಿದೆಯೇ? 2019ರಲ್ಲಿ, ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿದ ಸುಮಾರು ಒಂದು ವರ್ಷಕ್ಕೆ, ಈಜುಗಾರ್ತಿ ಸಾರಾ ಥಾಮಸ್ ಕಡಲ್ಗಾಲುವೆಯನ್ನು ನಿಲ್ಲದೆ ನಾಲ್ಕು ಸಲ, 54 ಗಂಟೆಗೂ ಹೆಚ್ಚು ಈಜಿದ್ದು ಹೌದೆನ್ನುವವರ ಕೈ ಬಲಪಡಿಸಿದೆ. ಕೊಬ್ಬಿನ ಹಂಚಿಕೆಯೋ, ವೇಗವನ್ನು ಹದದಲ್ಲಿಡುವ ಗುಣವೋ, ಕಾರಣ ಬಗೆಹರಿದಿಲ್ಲ. ಕಡಲೇ ಬೆಚ್ಚಗಾಗುತ್ತಿರುವಾಗ 1958ರ ದಾಟುವಿಕೆಯನ್ನೂ ಇಂದಿನದನ್ನೂ ಒಂದೇ ಪಟ್ಟಿಯಲ್ಲಿ ಇಡಬಹುದೇ ಎಂಬುದೂ ಹಾಗೆಯೇ ಉಳಿದಿದೆ.

ಇವೆಲ್ಲಕ್ಕಿಂತ ದೊಡ್ಡ ಖಾಲಿ ಜಾಗ ನಮ್ಮದು. ಡೆಕ್ಕನ್ ಪ್ರಸ್ಥಭೂಮಿಯಲ್ಲಿ ಬೆಳೆದ ಇಪ್ಪತ್ತು ಮೂವತ್ತು ಈಜುಗಾರರನ್ನು ತಣ್ಣೀರಿಗೆ ಇಳಿಸಿ, ಚರ್ಮದಡಿಯ ಕೊಬ್ಬು, ಒಳಗಾವು, ನಡುಕ ಶುರುವಾದ ಹೊತ್ತು, ಇವನ್ನು ಗೆದ್ದವರಲ್ಲೂ ಅರ್ಧಕ್ಕೆ ದೋಣಿ ಹತ್ತಿದವರಲ್ಲೂ ಸಮನಾಗಿ ಬರೆದಿಡುವ ಕೆಲಸ ಆಗಬೇಕಿದೆ. ಸೋತವರು ಆ ಅಂಕಿಗಳನ್ನು ಕೊಡಲು ಒಪ್ಪುತ್ತಾರೆಯೇ ಎಂಬುದು ಅದರ ಮೊದಲ ಪ್ರಶ್ನೆ.